ದೈತ್ಯನ ಹಲ್ಲಿಗೆ ಕೈ ಹಾಕಿದವರು

“ಅಳಿಯಂದ್ರೇ, ಬ್ಯಾಟರಿ ಬೆಳಕು ನನ್ನ ಬೆನ್ನ ಮೇಲಲ್ಲ, ಒಳಗಡೆ ಬಿಡಿ. ನನ್ನ ಬೆನ್ನಿಂದ ಏನೂ ಕಳುವಾಗಿಲ್ಲ.”

ಹೀಗೆ ಅಪ್ಪಣೆಯಾದಾಗ ನಮ್ಮ ಅತ್ತೆಯವರ ತಲೆ, ಭುಜ ಮತ್ತು ಎರಡು ಕೈಗಳು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗಿದ್ದವು. ಮಿಕ್ಕ ಭಾಗ ಹೊರಗೆ, ಒಂದು ಸ್ಟೂಲಿನ ಮೇಲಿತ್ತು. ಸ್ಟೂಲು ಹಿಡಿಯುವವನೂ ನಾನೇ, ಬ್ಯಾಟರಿ ಹಿಡಿಯುವವನೂ ನಾನೇ. ಹೆಸರಿಗೆ ಮಾತ್ರ ಪತ್ತೇದಾರ.

ಮಂಗಳವಾರ ಮಧ್ಯಾಹ್ನದಿಂದ ಆ ಪೆಟ್ಟಿಗೆ ಖಾಲಿ. ಊರಿಗೇ ಹೆಸರು ತಂದಿದ್ದ ದೈತ್ಯನ ದವಡೆ ಹಲ್ಲು ಮಾಯವಾಗಿತ್ತು. ಬೀಗ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು.

ಆ ಬೀಗಕ್ಕೆ ಇರುವುದು ಒಂದೇ ಕೀಲಿ. ಅದು ಮ್ಯೂಸಿಯಂ ಅಕ್ಕನ ಕೊರಳ ದಾರದಲ್ಲಿ ತೂಗುತ್ತದೆ. ಮ್ಯೂಸಿಯಂ ಅಕ್ಕ ಎಂದರೆ ಇಲ್ಲಿನ ಪಾಲಕಿ. ಬರುವ ಶಾಲಾ ಮಕ್ಕಳು ಇಟ್ಟ ಹೆಸರು ಅದು, ಈಗ ಮುದುಕರೂ ಹಾಗೇ ಕರೆಯುತ್ತಾರೆ. ಅಂದು ಸಂಜೆ ಮ್ಯೂಸಿಯಂ ಸಮಿತಿಯ ಸಭೆ. ಅಷ್ಟರೊಳಗೆ ಹಲ್ಲು ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ, ಕಳ್ಳಿ ಎಂಬ ಹೆಸರು ಬರುತ್ತದೆ. ವಜಾ ಆದೇಶ ಆಗಲೇ ಅಧ್ಯಕ್ಷರ ಜೇಬಿನಲ್ಲಿ ಬೆಚ್ಚಗೆ ಕುಳಿತಿತ್ತು.

ಇಷ್ಟಾದರೂ ಆ ಮಹಾತಾಯಿ ನಮಗೆ ಚಹಾ ಮಾಡಿ ತಂದಿದ್ದಳು. ಜೊತೆಗೆ ಬಿಸ್ಕತ್ತು. ಕಳ್ಳತನದ ಆರೋಪ ಹೊತ್ತವರು ಇಷ್ಟು ಒಳ್ಳೆಯ ಚಹಾ ಮಾಡಿದ್ದನ್ನು ನನ್ನ ಸರ್ವೀಸಿನಲ್ಲೇ ನಾನು ಕಂಡಿಲ್ಲ.

ನನ್ನ ಸರ್ವೀಸು ಎಂದರೆ ವಿಮಾ ಕಂಪನಿಯದು. ಸುಟ್ಟ ಗೋದಾಮು, ಪಲ್ಟಿಯಾದ ಲಾರಿ, ಮಾಲೀಕನೇ ಒಡೆದುಕೊಂಡ ಅಂಗಡಿ ಗಾಜು: ಇವುಗಳ ನಿಜ ಸುಳ್ಳು ಹೇಳುವುದು ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದೆ. ಅತ್ತೆಯವರು ಹಲ್ಲಿನ ಡಾಕ್ಟರು. ಕ್ಲಿನಿಕ್ ಮುಚ್ಚಿದ ಮೇಲೆ ಹೊತ್ತು ಹೋಗದೆ, “ಸುಮ್ನೆ ಜೊತೆಗೆ ಬರ್ತೀನಿ, ಮಾತಾಡಲ್ಲ” ಅಂದರು. ಆಮೇಲೆ ಒಂದು ದಿನವಾದರೂ ಸುಮ್ಮನಿದ್ದಾರೆಯೇ ಎಂದು ನನ್ನನ್ನು ಕೇಳಬೇಡಿ.

“ನೋಡಿದ್ರಾ?” ಅತ್ತೆ ತಲೆ ಹೊರಗೆ ತೆಗೆದರು. “ಇಷ್ಟು ದೊಡ್ಡ ಹಲ್ಲು ಹೋಗಿದೆ, ಒಂದು ಚೂರು ಪುಡಿ ಬಿದ್ದಿಲ್ಲ. ಕಿತ್ತವನ ಕೈ ಪಳಗಿದ ಕೈ. ನನ್ನ ಕ್ಲಿನಿಕ್‌ನಲ್ಲಿ ಕೆಲಸ ಕೊಡ್ತಿದ್ದೆ.”

“ಈಗ ಇಳೀರಿ ಅತ್ತೆ. ನಾನೂ ಒಂಚೂರು ನೋಡ್ತೀನಿ.”

“ನಿಮ್ಗೆ ಹಲ್ಲಿನ ವಿಷಯ ಏನ್ ಗೊತ್ತಾಗುತ್ತೆ?”

“ಹಲ್ಲು ಇಲ್ವಲ್ಲ. ಗಾಜಿದೆ. ಗಾಜು ನನ್ನ ಕೈಲಿ ಬಿಡಿ.”

ಪೆಟ್ಟಿಗೆಗೆ ನಾಲ್ಕು ಕಡೆಯೂ ಗಾಜು. ಮುಂದಿನದು ಬೀಗ ಹಾಕುವ ಬಾಗಿಲು, ಉಳಿದವು ಮರದ ಚೌಕಟ್ಟಿಗೆ ಪುಟ್ಟಿ ಹಚ್ಚಿ ಕೂರಿಸಿದವು. ನಾನು ಬೆಳಕನ್ನು ಓರೆಯಾಗಿ ಬಿಟ್ಟೆ. ಮುಂದಿನ ಗಾಜಿನ ಒಳಮೈ ಮೇಲೆ ತೆಳ್ಳಗೆ ಧೂಳು. ಎಡಗಡೆಗೂ ಧೂಳು, ಬಲಗಡೆಗೂ ಧೂಳು. ಗೋಡೆಯ ಕಡೆಗಿದ್ದ ಹಿಂದಿನ ಗಾಜು ಮಾತ್ರ ಒಳಗಿಂದ ಲಕಲಕ ಹೊಳೆಯುತ್ತಿತ್ತು.

“ಅಮ್ಮಾ, ಗಾಜಿನ ಒಳಗಡೆ ಯಾವಾಗ ಒರೆಸಿದ್ದು?” ಎಂದು ಮ್ಯೂಸಿಯಂ ಅಕ್ಕನನ್ನು ಕೇಳಿದೆ.

“ಒಳಗಡೆ ಒರೆಸಲ್ಲ ಸಾರ್. ಬಟ್ಟೆ ಆಡಿಸಿದ್ರೆ ಧೂಳೆದ್ದು ಹಲ್ಲಿನ ಮೇಲೇ ಕೂರುತ್ತೆ. ಹಲ್ಲನ್ನ ಮಾತ್ರ ಸೋಮವಾರ ಸೋಮವಾರ ಮೆತ್ತನೆ ಬ್ರಷ್‌ನಲ್ಲಿ ನೇವರಿಸ್ತೀನಿ.” ನೇವರಿಸುತ್ತೇನೆ ಎಂದಾಗ ಅವಳ ಬೆರಳುಗಳು ತಾವೇ ಗಾಳಿಯಲ್ಲಿ ಆಡಿದವು.

ಪೆಟ್ಟಿಗೆಯನ್ನು ಗೋಡೆಯಿಂದ ಒಂದಿಷ್ಟು ಎಳೆದೆವು. ಹಿಂದಿನ ಗಾಜಿನ ಅಂಚಿನ ಪುಟ್ಟಿಯನ್ನು ಒತ್ತಿದೆ. ಉಗುರು ಒಳಗಿಳಿಯಿತು. ಪುಟ್ಟಿಗೆ ಕಲೆಸುವ ಅಗಸೆ ಎಣ್ಣೆಯ ಹಸಿ ವಾಸನೆ ಮೂಗಿಗೆ ಬಡಿಯಿತು. ಬೇರೆ ಗಾಜುಗಳ ಪುಟ್ಟಿ ಕಲ್ಲಿನ ಹಾಗಿತ್ತು.

“ಸಿಕ್ಕಿತು!” ಎಂದು ಕೂಗಿಬಿಟ್ಟೆ. “ಬೀಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗಾಜು ಕಳಚಿ, ಹಲ್ಲು ತೆಗೆದು, ಮತ್ತೆ ಗಾಜು ಕೂರಿಸಿದ್ದಾನೆ. ಇವರ ಕೀಲಿ ತಂಟೆಗೇ ಹೋಗಿಲ್ಲ.”

ಮ್ಯೂಸಿಯಂ ಅಕ್ಕ ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು. ಅವಳ ಮುಖದಲ್ಲಿ ಎರಡು ದಿನದಿಂದ ಕಾಣದಿದ್ದ ನಗು ಮೆಲ್ಲಗೆ ಬಂತು. ಅದನ್ನು ನೋಡಿ ನನಗೂ ಹೊಟ್ಟೆ ತುಂಬಿದಂತಾಯಿತು, ಆದರೂ ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

“ಸರಿ, ಆದ್ರೆ ಒಳಗಡೆ ಯಾಕೆ ಒರೆಸಿದ?” ಅತ್ತೆ ಬಿಡುವವರಲ್ಲ. “ಬೆರಳಚ್ಚು ಅಳಿಸೋಕಾ?”

“ಬೆರಳಚ್ಚಾ? ಪುಟ್ಟಿ ತುಂಬಾ ಹೆಬ್ಬೆರಳು ಒತ್ತಿಟ್ಟು ಹೋಗಿದ್ದಾನೆ ನೋಡಿ. ಅದರ ಯೋಚನೆಯೇ ಅವನಿಗಿಲ್ಲ. ಕೈಗೆ ರೂಢಿಯಾಗಿದೆ, ಒರೆಸಿದ್ದಾನೆ ಅಷ್ಟೇ. ಗಾಜು ಮುಚ್ಚೋ ಮೊದಲು ಒಳಗಡೆ ಒರೆಸದಿದ್ರೆ ಕೈ ಮುಂದಕ್ಕೇ ಹೋಗಲ್ಲ, ಅಂಥವರು ಯಾರು ಹೇಳಿ?”

ಅತ್ತೆ ಕನ್ನಡಕ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ರಸ್ತೆಯ ಆ ಬದಿಯಲ್ಲಿ ಒಂದು ಫೋಟೋ ಫ್ರೇಮಿನ ಅಂಗಡಿ ಬಿಸಿಲಿಗೆ ಮಿನುಗುತ್ತಿತ್ತು.

“ಅಯ್ಯೋ, ಫ್ರೇಮಣ್ಣನಾ?” ಮ್ಯೂಸಿಯಂ ಅಕ್ಕನ ನಗು ಹಾಗೇ ಆರಿತು. “ಬೇಡ ಸಾರ್. ಅವರು ಒಳ್ಳೇವರು.”

“ಒಳ್ಳೇವರೇ ಗಾಜು ಒರೆಸೋದು ಕಣಮ್ಮ,” ಅಂದರು ಅತ್ತೆ.

ಹೊರಡುವಾಗ ಬಾಗಿಲಲ್ಲಿ ಗ್ರಂಥದ ಮೇಷ್ಟ್ರು ಎದುರಾದರು. ಹಳೆಯ ಧರ್ಮಗ್ರಂಥಗಳನ್ನು ಓದಿಸಿ ನಿವೃತ್ತರಾದ ಮನುಷ್ಯ. ಸಾಧು, ಬಡಕಲು, ಮಾತಿಗೆ ಕುಳಿತರೆ ಮಾತ್ರ ಎದ್ದೇಳುವುದಿಲ್ಲ. ಆ ಗ್ರಂಥಗಳಲ್ಲಿ ಬರುವ ಮಹಾಕಾಯರ ಬೆನ್ನು ಹತ್ತಿ ಅವರು ಅರ್ಧ ಆಯುಷ್ಯ ಕಳೆದಿದ್ದರು. ಹಲ್ಲು ಯಾವುದರದೆಂದು ತಿಳಿಯಲು ಅದರ ಒಂದು ಸಣ್ಣ ಹೋಳನ್ನು ಕೊಯ್ದು ಪ್ರಯೋಗಾಲಯಕ್ಕೆ ಕಳಿಸಲು ಸಮಿತಿಯ ಒಪ್ಪಿಗೆ ಪಡೆದವರೂ ಅವರೇ. ಕೊಯ್ಯುವ ವಾರವೇ ಹಲ್ಲು ಹೋಯಿತು.

“ಸಿಕ್ತಾ?” ಎಂದರು ಆಸೆಯಿಂದ.

“ಬನ್ನಿ ಮೇಷ್ಟ್ರೇ, ಒಂದು ಫೋಟೋಗೆ ಫ್ರೇಮ್ ಹಾಕಿಸೋದಿದೆ,” ಎಂದು ಅವರನ್ನೂ ಎಳೆದುಕೊಂಡು ರಸ್ತೆ ದಾಟಿದೆವು.

ಫ್ರೇಮಣ್ಣನ ಅಂಗಡಿ ನೋಡುವಂಥದ್ದು. ಗೋಡೆ ತುಂಬಾ ಮರದ ಪಟ್ಟಿಗಳ ತುಂಡು ಮೂಲೆಗಳು ನೇತಾಡುತ್ತವೆ. ನೆಲದ ಮೇಲೆ ಮರದ ಹೊಟ್ಟು. ಎಡಗಡೆ ಗೋಡೆಯಲ್ಲಿ ಮದುವೆಯವರು, ಮಕ್ಕಳು, ತೀರಿಕೊಂಡ ಹಿರಿಯರು ಸಾಲಾಗಿದ್ದರೆ ಬಲಗಡೆ ಪೂರಾ ದೈತ್ಯರು. ಬೆಟ್ಟ ಹೊತ್ತ ದೈತ್ಯ, ಮರ ಕಿತ್ತು ಹಲ್ಲುಜ್ಜುವ ದೈತ್ಯ, ಹಣೆಯ ನಡುವೆ ಒಂದೇ ಕಣ್ಣಿನ ದೈತ್ಯ. ಹಲ್ಲು ನೋಡಲು ಬರುವ ಪ್ರವಾಸಿಗರಿಗೆ ಕಥೆ ಹೇಳುವವನೂ ಇವನೇ, ಚಿತ್ರ ಮಾರುವವನೂ ಇವನೇ. ಕಪಾಟಿನಲ್ಲಿ ಪ್ಲಾಸ್ಟರಿನ ಹಲ್ಲುಗಳೂ ಇದ್ದವು. ಇವನೇ ಕಣ್ಣಂದಾಜಿನಲ್ಲಿ ತಿದ್ದಿದವು; ಒಂದು ಬದನೆಕಾಯಿಯಂತಿದ್ದರೆ ಇನ್ನೊಂದು ಬೂಟಿನಂತಿತ್ತು.

“ಬನ್ನಿ ಬನ್ನಿ! ಡಾಕ್ಟ್ರಮ್ಮನೂ ಬಂದವ್ರೆ! ಒಂದ್ನಿಮಿಷ ಕೂತ್ಕೊಳ್ಳಿ, ಈ ಜೋಡಿನ ಒಳಗೆ ಹಾಕಿಬಿಡ್ತೀನಿ.”

ಜೋಡಿ ಎಂದರೆ ಒಂದು ಮದುವೆಯ ಫೋಟೋ. ಅವನು ಅದನ್ನು ಅಂಟಿಸಿದ. ಗಾಜು ಕತ್ತರಿಸಿದ, ಕಟಕ್ಕೆಂದು ಮುರಿದ, ಅಂಚು ತಿಕ್ಕಿದ. ಫ್ರೇಮಿನೊಳಗೆ ಇಡುವ ಮೊದಲು ಗಾಜಿನ ಒಳಮೈ ಮೇಲೆ ಹಾ ಎಂದು ಉಸಿರು ಬಿಟ್ಟು, ಹೆಗಲ ಮೇಲಿನ ಬಟ್ಟೆಯಿಂದ ಗುಂಡಗೆ ಒರೆಸಿದ. ಬೆಳಕಿಗೆ ಹಿಡಿದ. ಮತ್ತೆ ಒರೆಸಿದ.

“ಅಷ್ಟೊಂದು ಯಾಕೆ ಒರೆಸ್ತೀರಿ?” ಎಂದೆ.

“ಒಳಗಡೆ ಒಂದು ಕೂದಲು ಉಳಿದ್ರೂ ಹೋಯ್ತು ಸಾರ್. ಆಯುಷ್ಯ ಪೂರ್ತಿ ಅವರಿಗೆ ಅದೇ ಕಾಣೋದು. ಹೊರಗಡೆ ಅವರೇ ಒರೆಸ್ಕೋತಾರೆ. ಒಳಗಡೆ ನಂದೇ ಜವಾಬ್ದಾರಿ.”

“ಮ್ಯೂಸಿಯಮ್ಮಿನ ಪೆಟ್ಟಿಗೇಲೂ ಅಷ್ಟೇನಾ?”

ಬಟ್ಟೆ ಗಾಜಿನ ಮೇಲೆಯೇ ನಿಂತಿತು.

“ಯಾವ ಪೆಟ್ಟಿಗೆ?”

“ಹಿಂದಿನ ಗಾಜು. ಹೊಸ ಪುಟ್ಟಿ. ಒಳಮೈ ಕನ್ನಡಿಯ ಹಾಗಿದೆ. ಉಳಿದ ಮೂರರ ಮೇಲೆ ಧೂಳು.”

“ಊರಲ್ಲಿ ಪುಟ್ಟಿ ಹಚ್ಚೋನು ನಾನೊಬ್ಬನೇನಾ? ಬಡಗಿ ಇದಾನೆ, ಕಿಟಕಿ ರಿಪೇರಿಯವರಿದಾರೆ...”

“ಅವರು ಒರೆಸಿ ಮುಚ್ತಾರಾ?”

ತನ್ನ ಕಸುಬಿನವರಲ್ಲದವರನ್ನು ಹೊಗಳಲು ಫ್ರೇಮಣ್ಣನಿಗೆ ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಅತ್ತೆಯವರು ಕೈಚೀಲದಿಂದ ಒಂದು ಸಾಮಾನು ಹೊರತೆಗೆದಿದ್ದರು. ಉದ್ದ ಹಿಡಿಯ ಪುಟ್ಟ ಕನ್ನಡಿ, ಹಲ್ಲಿನ ಡಾಕ್ಟರು ಬಾಯೊಳಗೆ ಬಿಡುವಂಥದ್ದು. ಕ್ಲಿನಿಕ್ ಮುಚ್ಚಿದರೂ ಅದು ಅವರ ಚೀಲ ಬಿಟ್ಟಿಲ್ಲ.

ಅವರು ಕಪಾಟಿನ ಮುಂದೆ ನಿಂತು, ಅದರ ಹಿಡಿಯಿಂದ ಪ್ಲಾಸ್ಟರ್ ಹಲ್ಲುಗಳನ್ನು ಒಂದೊಂದಾಗಿ ತಟ್ಟತೊಡಗಿದರು. ಟಪ್. ಟಪ್. ಟಪ್.

“ನೋವಿದ್ರೆ ಹೇಳಿ,” ಎಂದರು ಹಲ್ಲುಗಳಿಗೆ.

ಟಪ್. ಟಪ್. ಟಿಣ್.

ಮೂಲೆಯಲ್ಲಿ ಸುಣ್ಣದ ಬಿಳಿ ಬಳಿದುಕೊಂಡು ಕುಳಿತಿದ್ದ ಒಂದು ಹಲ್ಲಿನ ಮೇಲೆ ಅತ್ತೆಯವರ ಕೈ ನಿಂತಿತು. ಅದನ್ನು ಎರಡೂ ಕೈಯಿಂದ ಎತ್ತಿದರು. ಇಟ್ಟಿಗೆಯಷ್ಟು ಭಾರವಿದ್ದಿರಬೇಕು, ಮಣಿಕಟ್ಟು ಬಾಗಿತು. ಹೆಬ್ಬೆರಳಿನಿಂದ ತಿಕ್ಕಿದರೆ ಬಿಳಿಯ ಕೆಳಗೆ ಕಂದು ದಂತ ಹೊಳೆಯಿತು.

“ತಣ್ಣಗಿದೆ,” ಎಂದರು. ಅವರ ದನಿ ಇಳಿದಿತ್ತು. “ಅಳಿಯಂದ್ರೇ, ನಾನು ಜೀವಮಾನದಲ್ಲಿ ನೋಡಿರೋ ಹಲ್ಲುಗಳಲ್ಲಿ ಇಂಥದ್ದಿಲ್ಲ. ನಮ್ಮ ದವಡೆ ಹಲ್ಲಿನ ಹಾಗೇ ಗುಬುಟು ಗುಬುಟು ಇದೆ ನೋಡಿ. ಹಳಬರು ದೈತ್ಯ ಅಂದಿದ್ದರಲ್ಲಿ ತಪ್ಪೇನಿದೆ?”

ಫ್ರೇಮಣ್ಣ ಸ್ಟೂಲಿನ ಮೇಲೆ ಧೊಪ್ಪೆಂದು ಕುಳಿತ. ಆಮೇಲೆ ನಮ್ಮನ್ನೆಲ್ಲ ಬಿಟ್ಟು ಮೇಷ್ಟ್ರ ಮೇಲೆ ಹರಿಹಾಯ್ದ.

“ಕೊಯ್ತಾರಂತೆ! ಗರಗಸ ಹಾಕಿ! ಮೇಷ್ಟ್ರೇ, ನಿಮ್ಮ ಗ್ರಂಥದಲ್ಲೇ ಇದೆ ತಾನೆ, ಆ ಕಾಲದಲ್ಲಿ ಭೂಮಿ ಮೇಲೆ ಮಹಾಕಾಯರಿದ್ರು ಅಂತ? ಮೇಲಿನ ಲೋಕದವರಿಗೂ ಮನುಷ್ಯರ ಹೆಣ್ಣುಮಕ್ಕಳಿಗೂ ಹುಟ್ಟಿದೋರು, ಪ್ರವಾಹ ಬಂದು ಮುಳುಗಿದೋರು ಅಂತ? ನೀವೇ ಪಾಠ ಮಾಡಿದ್ರಿ. ನಾನು ಮುಂದಿನ ಬೆಂಚಲ್ಲಿ ಬಾಯಿ ಬಿಟ್ಕೊಂಡು ಕೇಳಿದ್ದೆ. ಈಗ ಬಂದು ಆನೆ ಅಂತೀರಾ?”

“ಇವತ್ತಿನ ಆನೆ ಅಲ್ಲಪ್ಪ. ಆನೆಯ ಹಳೇ ದಾಯಾದಿ.”

“ಯಾವುದಾದ್ರೇನು! ಪ್ರಯೋಗಾಲಯದಿಂದ ಕಾಗದ ಬಂದ ದಿನ ನನ್ನ ದೈತ್ಯ ಸತ್ತ. ಯಾರು ಬರ್ತಾರೆ ಒಂದು ಪ್ರಾಣಿ ಹಲ್ಲು ನೋಡೋಕೆ? ನಮ್ಮಜ್ಜ ಬಾವಿ ತೋಡುವಾಗ ಸಿಕ್ಕಿದ್ದು ಅದು. ದೈತ್ಯನ ಬಾಯಿಗೆ ಕೈ ಹಾಕಿದೋನು ಅಂತ ಹೇಳ್ಕೊಂಡೇ ನಮ್ಮಜ್ಜ ಸತ್ತ.”

ನಾನು ಏನೋ ಖಾರವಾಗಿ ಹೇಳಲು ಹೊರಟಿದ್ದೆ. ಕಳ್ಳತನ ಕಳ್ಳತನವೇ. ಎದುರುಗಡೆ ಒಬ್ಬಳ ಅನ್ನಕ್ಕೆ ಕಲ್ಲು ಬೀಳುತ್ತಿದೆ. ಆದರೆ ಮೇಷ್ಟ್ರು ಮರದ ಹೊಟ್ಟಿನ ಮೇಲೇ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅವರ ಕಣ್ಣು ಹೊಳೆಯುತ್ತಿತ್ತು.

“ಲೋ, ನೀನು ಆಗಲೂ ಅರ್ಧ ಪಾಠ ಕೇಳಿ ಕಿಟಕಿ ಹಾರ್ತಿದ್ದೆ, ಈಗಲೂ ಅದೇ ಬುದ್ಧಿ. ಆ ಒಂಟಿಕಣ್ಣಿನ ದೈತ್ಯನ ಚಿತ್ರ ಕೊಡು ಇಲ್ಲಿ. ಆನೆ ತಲೆಬುರುಡೆ ನೋಡಿದ್ದೀಯಾ? ಕಣ್ಣಿನ ಗೂಡು ಪಕ್ಕದಲ್ಲಿ ಎಲ್ಲೋ ಇರುತ್ತೆ, ಗೊತ್ತೇ ಆಗಲ್ಲ. ಹಣೆ ನಡುವೆ ಸೊಂಡಿಲಿನ ತೂತು ಮಾತ್ರ ಇಷ್ಟಗಲ. ಆನೆಯನ್ನೇ ಕಾಣದ ಸೀಮೆಯವನು ಮಣ್ಣಲ್ಲಿ ಅದನ್ನ ನೋಡಿದ್ರೆ ಏನಂದ್ಕೋತಾನೆ?”

ಫ್ರೇಮಣ್ಣ ಚಿತ್ರವನ್ನೇ ನೋಡಿದ. “ಒಂದೇ ಕಣ್ಣು,” ಎಂದ ಮೆಲ್ಲಗೆ.

“ಹಾಗೇ ಕೊಕ್ಕಿರೋ ಯಾವುದೋ ಮೃಗದ ಅಸ್ಥಿ ನೋಡಿದವನು ಹದ್ದಿನ ತಲೆಯ ಸಿಂಹ ಅಂದಿರಬಹುದು. ಉದ್ದ ಬೆನ್ನೆಲುಬು ನೋಡಿದವನು ಬೆಂಕಿ ಉಗುಳೋ ಸರ್ಪ ಅಂದಿರಬಹುದು. ಎಲ್ಲಾ ಹೀಗೇ ಆಯ್ತು ಅಂತ ನಾನು ಆಣೆ ಮಾಡಲ್ಲ. ಆದ್ರೆ ಬರೆದವರು ಸುಳ್ಳುಗಾರರಲ್ಲ ಅಂತ ತೋರಿಸಬೇಕು ಅಂತಾನೇ ನಾನು ಇಷ್ಟು ವರ್ಷ ಒದ್ದಾಡಿದ್ದು. ಅವರು ಕಂಡಿದ್ದನ್ನ ಹೇಳಿದ್ರು. ನಿನ್ನ ದೈತ್ಯನ್ನ ಯಾಕೋ ಸಾಯಿಸ್ಲಿ? ಅವನು ಎಲ್ಲಿ ಹುಟ್ಟಿದ ಅಂತ ಹುಡುಕ್ತಿದೀನಿ ಕಣೋ.”

ಅತ್ತೆ ಮೂಗು ಒರೆಸಿಕೊಂಡರು. ನಾನು ಗಂಟಲು ಸರಿಮಾಡಿಕೊಂಡೆ, ಯಾಕೆಂದರೆ ಯಾರಾದರೂ ಪತ್ತೇದಾರರಾಗಿರಬೇಕಲ್ಲ.

“ಫ್ರೇಮಣ್ಣ, ಅದೆಲ್ಲ ಸರಿ. ನೀವು ಹಲ್ಲು ಉಳಿಸಿದ್ರಿ, ಮ್ಯೂಸಿಯಂ ಅಕ್ಕನ ಕುತ್ತಿಗೆಗೆ ಹಗ್ಗ ಬಿತ್ತು. ಅದು ಗೊತ್ತಾ?”

“ಅವಳ ಹೆಸರು ಬರುತ್ತೆ ಅಂತ ನನಗೇನು ಕನಸು ಬಿತ್ತಾ ಸಾರ್?” ಅವನ ಕಣ್ಣು ತುಂಬಿತು. “ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ, ಯಾರಿಗೂ ತೊಂದ್ರೆ ಆಗಲ್ಲ ಅಂದ್ಕೊಂಡೆ. ಬೀಗ ಮುರೀದೇ ಇದ್ದದ್ದೇ ಅವಳಿಗೆ ಮುಳ್ಳಾಯ್ತು. ಎರಡು ದಿನದಿಂದ ಹೇಳೋಣ ಅಂತ ಮೆಟ್ಟಿಲವರೆಗೆ ಹೋಗ್ತೀನಿ, ವಾಪಸ್ ಬರ್ತೀನಿ.”

“ಇವತ್ತು ಮೆಟ್ಟಿಲು ಹತ್ತಿ. ನಾನು ಕೈ ಹಿಡ್ಕೋತೀನಿ,” ಎಂದರು ಅತ್ತೆ. ಹಲ್ಲು ಕೀಳಿಸಿಕೊಳ್ಳಲು ಹೆದರುವವರಿಗೆ ಅವರು ಹೇಳುತ್ತಿದ್ದದ್ದೂ ಇದೇ ಮಾತಂತೆ.

ಸಂಜೆಯ ಸಭೆ ಮದುವೆ ಮನೆಯ ಹಾಗಾಯಿತು. ಅಧ್ಯಕ್ಷರು ಟೈರ್ ಅಂಗಡಿಯ ಮಾಲೀಕರು. ಮನಸ್ಸು ಮೆತ್ತಗಿದ್ದರೂ ದನಿ ಮಾತ್ರ ಲಾರಿಯ ಹಾರನ್ನು. ಫ್ರೇಮಣ್ಣ ಎಲ್ಲವನ್ನೂ ಒಪ್ಪಿಕೊಂಡ. ಅಧ್ಯಕ್ಷರು ಮೇಜು ಗುದ್ದಿದರು, ಪೊಲೀಸಿಗೆ ಕೊಡುತ್ತೇನೆ ಎಂದರು. ಮೇಷ್ಟ್ರು ಅಡ್ಡ ಬಂದು, ಮೊದಲು ಕೊಯ್ಯದೆ ಪರೀಕ್ಷೆ ಮಾಡುವ ದಾರಿ ಇದೆಯೇ ಎಂದು ಕೇಳಿ ನೋಡುತ್ತೇನೆ, ಇವನನ್ನು ಬಿಟ್ಟುಬಿಡಿ ಎಂದರು. ಅಧ್ಯಕ್ಷರು ಇನ್ನೊಮ್ಮೆ ಮೇಜು ಗುದ್ದಿ, ಸರಿ ಎಂದರು.

ಆಮೇಲೆ ಜೇಬಿನಿಂದ ವಜಾ ಆದೇಶ ತೆಗೆದು ಎಲ್ಲರೆದುರು ಚೂರು ಚೂರು ಮಾಡಿದರು.

“ತಪ್ಪಾಯ್ತಮ್ಮ. ನಿನ್ನ ಮೇಲೆ ಅನುಮಾನ ಪಟ್ಟೆ. ಮನಸ್ಸಲ್ಲಿ ಇಟ್ಕೋಬೇಡ,” ಎಂದರು ಮ್ಯೂಸಿಯಂ ಅಕ್ಕನಿಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ನನಗೆ ಆ ಹೊತ್ತು ಎಷ್ಟು ಹಿತವಾಗಿತ್ತೆಂದರೆ, ಅತ್ತೆಯವರು ಅಧ್ಯಕ್ಷರೆದುರು “ಗಾಜು ನೋಡಿದ್ದು ನಮ್ಮ ಅಳಿಯಂದಿರು” ಎಂದು ಹೇಳಿದ್ದನ್ನೂ ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿಬಿಟ್ಟೆ. ಆಕೆ ನಂಬಲಿಲ್ಲ.

ಹಲ್ಲಿನ ಮೇಲಿನ ಬಿಳಿಯನ್ನು ಮ್ಯೂಸಿಯಂ ಅಕ್ಕ ಒದ್ದೆ ಹತ್ತಿಯಿಂದ ತೊಳೆದಳು. ಆಮೇಲೆ ಒಳಕೋಣೆಗೆ ಹೋಗಿ ಒಂದು ಪ್ಲಾಸ್ಟರಿನ ಹಾಸು ತಂದಳು. ಹಲ್ಲು ಉರುಳದಿರಲೆಂದು ಅದರ ಬೇರುಗಳನ್ನೇ ಒತ್ತಿ, ಆ ಗುಳಿಗಳಲ್ಲಿ ಕೂರುವಂತೆ ಅವಳೇ ಮಾಡಿದ್ದ ಅಚ್ಚು ಅದು. ಖಾಲಿ ಗುಳಿ ನೋಡಲಾರದೆ ಕಳುವಾದ ದಿನವೇ ಒಳಗಿಟ್ಟುಬಿಟ್ಟಿದ್ದಳಂತೆ.

ಹಾಸನ್ನು ಪೆಟ್ಟಿಗೆಯಲ್ಲಿಟ್ಟು, ಹಲ್ಲನ್ನು ಅದರ ಮೇಲೆ ಇಳಿಸಿದಳು. ಎತ್ತಿದಳು. ತಿರುಗಿಸಿ ಮತ್ತೆ ಇಳಿಸಿದಳು. ಹಲ್ಲು ಕಟಕಟ ಅಲ್ಲಾಡಿತು.

ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ಅಧ್ಯಕ್ಷರು ಚಹಾ ಕುಡಿಯುತ್ತಿದ್ದರು, ಮೇಷ್ಟ್ರು ಫ್ರೇಮಣ್ಣನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಕೆಳಗೆ ಒಂದು ಬಟ್ಟೆ ಮಡಚಿಟ್ಟು ಬಾಗಿಲು ಹಾಕಿದ್ದರೆ ಮುಗಿದಿತ್ತು. ಅವಳು ನಿಂತೇ ಇದ್ದಳು. ನಾನು ಅವಳ ಮುಖ ನೋಡಿದೆ.

“ಸಾರ್,” ಎಂದಳು ಅಧ್ಯಕ್ಷರಿಗೆ. “ಇದು ನಮ್ಮ ಹಲ್ಲಲ್ಲ.”

“ಏನಂದೆ?”

“ನಾನು ಮಾಡಿದ ಹಾಸು ಸಾರ್ ಇದು. ನಮ್ಮ ಹಲ್ಲು ಇದರಲ್ಲಿ ಮಗು ಮಲಗಿದ ಹಾಗೆ ಮಲಗ್ತಿತ್ತು. ಇದು ಕೂರ್ತಾನೇ ಇಲ್ಲ.”

ಅತ್ತೆ ಹಾರಿ ಬಂದರು. ಹಲ್ಲನ್ನು ಎತ್ತಿ ಬೇರು ನೋಡಿದರು, ಗುಳಿಗೆ ಬೆರಳು ಬಿಟ್ಟರು, ಮತ್ತೆ ಬೇರು ನೋಡಿದರು.

“ಹೌದು. ಬಲಗಾಲಿನ ಚಪ್ಪಲಿಗೆ ಎಡಗಾಲು ತೂರಿಸಿದ ಹಾಗಿದೆ. ಹಾಸಿನಲ್ಲಿ ಇದ್ದದ್ದು ಎಡದವಡೆ ಹಲ್ಲು. ಇದು ಬಲದವಡೆದು. ಅಳತೆ ಹೆಚ್ಚು ಕಡಿಮೆ ಅಷ್ಟೇ. ನನ್ನ ಕೇಳಿದ್ರೆ ಎರಡೂ ಒಂದೇ ಬಾಯಿಯವು.” ಒದ್ದೆ ಹತ್ತಿ ಮುಟ್ಟದ ಬೇರಿನ ಸಂದಿಗೆ ಉಗುರು ಹಾಕಿ ಕೆದಕಿದರು. ಕಪ್ಪು ಮಣ್ಣು ಅಂಟಂಟಾಗಿ ಬೆರಳಿಗೆ ಬಂತು. “ಇನ್ನೂ ಹಸಿ ಇದೆ ನೋಡಿ. ಇದನ್ನ ಯಾರೋ ಈಗ್ಗೆ ಸ್ವಲ್ಪ ದಿನದ ಹಿಂದೆ ಅಗೆದು ತೆಗೆದಿದಾರೆ.”

ಮೇಷ್ಟ್ರು ಫ್ರೇಮಣ್ಣನ ಹೆಗಲು ಬಿಟ್ಟು ಮುಂದೆ ಬಂದರು. “ಅಂದ್ರೆ... ಇಡೀ ದೈತ್ಯ ಎಲ್ಲೋ ಇದ್ದಾನೆ.”

“ಫ್ರೇಮಣ್ಣ!” ಅಧ್ಯಕ್ಷರ ಹಾರನ್ನು ಮೊಳಗಿತು. “ನಿಜ ಹೇಳು. ನಮ್ಮದನ್ನ ಎಲ್ಲಿಟ್ಟಿದ್ದೀಯ?”

“ನನ್ನ ಮಕ್ಕಳಾಣೆ ಸಾರ್! ಪೆಟ್ಟಿಗೇಲಿ ಇದ್ದದ್ದೇ ಇದು. ಇದನ್ನೇ ತಗೊಂಡೆ, ಇದನ್ನೇ ಕೊಟ್ಟೆ. ಹಾಸಿನ ಮೇಲೆ ಓರೆಯಾಗಿ ಕೂತಿತ್ತು, ನನಗೇನು ಗೊತ್ತು ಅದು ಹೇಗೆ ಕೂರಬೇಕು ಅಂತ!”

ಅವನು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಖಚಿತವಾಗಿತ್ತು. ಹಾಗಾದರೆ ಅವನಿಗಿಂತ ಮೊದಲೇ ಯಾರೋ ಹಲ್ಲು ಬದಲಿಸಿದ್ದಾರೆ. ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ ಮುಂದಿನ ಪ್ರಶ್ನೆ ಹಾಕಿಬಿಟ್ಟಿತು. ಹಾಳು ಬಾಯಿ.

“ನೀವು ಗಾಜು ಕಳಚುವಾಗ ಪುಟ್ಟಿ ಹೇಗಿತ್ತು?”

“ಕಲ್ಲು ಸಾರ್. ನಮ್ಮಪ್ಪನ ಕಾಲದ್ದು. ಉಳಿ ಹಾಕಿ ಕೆರೆಯೋ ಹೊತ್ತಿಗೆ ಊಟದ ವಿರಾಮ ಪೂರ್ತಿ ಹೋಯ್ತು. ನನಗಿಂತ ಮುಂಚೆ ಆ ಗಾಜು ಯಾರೂ ಮುಟ್ಟಿಲ್ಲ.”

ಹೇಳಿದ ಮೇಲೆ ಅವನಿಗೆ ಅರ್ಥವಾಯಿತು: ಗಾಜು ಕಳಚಿಲ್ಲವೆಂದರೆ ಹಲ್ಲು ಬದಲಾದದ್ದು ಬೀಗ ತೆಗೆದೇ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಅಧ್ಯಕ್ಷರು ನಿಧಾನವಾಗಿ ಮ್ಯೂಸಿಯಂ ಅಕ್ಕನ ಕಡೆ ತಿರುಗಿದರು. ಈ ಸಲ ದನಿಯಲ್ಲಿ ಹಾರನ್ನು ಇರಲಿಲ್ಲ. “ಸೋಮವಾರ ನೀನು ಧೂಳು ತೆಗೆದಾಗ ಯಾವುದಿತ್ತಮ್ಮ?”

“ನಮ್ಮದೇ ಸಾರ್. ಸರಿಯಾಗಿ ಕೂತಿತ್ತು.”

“ಸುಮ್ನಿರಮ್ಮ,” ಎಂದೆ ಹಲ್ಲು ಕಚ್ಚಿ.

“ಸೋಮವಾರದಿಂದ ಮಂಗಳವಾರ ಮಧ್ಯಾಹ್ನದೊಳಗೆ ಕೀಲಿ ಯಾರಿಗಾದ್ರೂ ಕೊಟ್ಟಿದ್ಯಾ? ಎಲ್ಲಾದ್ರೂ ಮರೆತಿದ್ಯಾ?”

ಹೌದು ಎಂದುಬಿಡು ತಾಯಿ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

“ಇಲ್ಲ ಸಾರ್. ನನ್ನ ಕೊರಳು ಬಿಟ್ಟು ಹೋಗಿಲ್ಲ.”

ಅಧ್ಯಕ್ಷರು ನೆಲದ ಮೇಲೆ ಬಿದ್ದಿದ್ದ ಕಾಗದದ ಚೂರುಗಳನ್ನು ನೋಡಿದರು. ಅವರಿಗೂ ಇದು ಬೇಕಿರಲಿಲ್ಲ, ಅದು ಅವರ ಮುಖದಲ್ಲೇ ಇತ್ತು.

“ನಾನೇನು ಮಾಡ್ಲಿ ಹೇಳು. ಯಾರಿಗಾದ್ರೂ ಹೇಳಿ ಆದೇಶ ಇನ್ನೊಂದ್ಸಲ ಟೈಪ್ ಮಾಡಿಸ್ಬೇಕು.”

ಮ್ಯೂಸಿಯಂ ಅಕ್ಕ ಹತ್ತಿಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಮೂಲೆಯ ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು.

“ಯಾರಿಗೆ ಹೇಳ್ತೀರಿ ಸಾರ್,” ಎಂದಳು. “ಮೊದಲನೇದನ್ನೂ ನಾನೇ ಟೈಪ್ ಮಾಡಿಕೊಟ್ಟಿದ್ದು.”